ಅಜ್ಜನ ಮೀಟರು ನಾನು ಓದಿದ ದಿನ

ನಿಮಗೆ ನೆನಪಿರುವ ಅಜ್ಜ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತು ರೇಡಿಯೋ ಕೇಳುತ್ತಿದ್ದ ಅಜ್ಜ. ನಿಮ್ಮಲ್ಲಿ ಸಣ್ಣವಳಿಗೆ ಅಷ್ಟೂ ನೆನಪಿಲ್ಲ. ರಾಣೆಬೆನ್ನೂರಿನಲ್ಲಿ ಅವರು ಕಾರು, ಜೀಪುಗಳ ವೈರಿಂಗ್ ಕೆಲಸ ಮಾಡುತ್ತಿದ್ದರೆಂದು ನಿಮ್ಮಪ್ಪ ಹೇಳಿರಬಹುದು. ಆ ಕೆಲಸ ಹೇಗಿತ್ತು ಎಂದು ಹತ್ತಿರದಿಂದ ನೋಡಿದವಳು ನಾನು, ನಿಮ್ಮಜ್ಜಿ. ಬಾಯಿಂದ ಹೇಳಲು ನನಗೆ ಸಂಕೋಚ. ನಾಲ್ಕು ಮಂದಿ ಕೂತರೆ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಕ್ಕರೆ ಬೇನೆ ಅವರ ಕಣ್ಣುಗಳನ್ನು ಒಮ್ಮೆಲೇ ತಿನ್ನಲಿಲ್ಲ. ಮೊದಲು ಸಣ್ಣ ವೈರುಗಳ ಬಣ್ಣ ಹೋಯಿತು, ಆಮೇಲೆ ಕರೆಂಟು ಅಳೆಯುವ ಮೀಟರಿನ ಅಂಕಿ ಹೋದವು. ಯಾರಿಗೂ ಹೇಳದೆ ಅಂದಾಜಿನ ಮೇಲೆ ಸಾಗಿಸಿದರು. ಒಂದು ದಿನ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಜೀಪಿಗೆ ಗಡಿಬಿಡಿಯಲ್ಲಿ ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲು ಕೂಡಿಸಿಬಿಟ್ಟರು. ಕಿಡಿ ಹಾರಿ ವೈರು ಸುಟ್ಟವು. ಯಾರಿಗೂ ಏನೂ ಆಗಲಿಲ್ಲ, ಆ ಸಾಹುಕಾರರು ಒಂದು ಮಾತೂ ಆಡಲಿಲ್ಲ. ಆದರೆ ಮನೆಗೆ ಬಂದ ನಿಮ್ಮಜ್ಜ ಊಟ ಮಾಡಲಿಲ್ಲ. "ಕರೆಂಟಿನ ಕೆಲಸದಾಗ ಅಂದಾಜು ನಡಿಯೂದಿಲ್ಲ. ಮುಗೀತು ನಂದು" ಎಂದರು.

ಅಂಗಡಿ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ಪಕ್ಕದ ಪಂಕ್ಚರ್ ಅಂಗಡಿಯವನು ಆ ಜಾಗ ತೆಗೆದುಕೊಳ್ಳಲು ಒಪ್ಪಿದ್ದ. ಒಂದು ಸಂಜೆ ಕೀಲಿಕೈ ಕೊಡುವ ಮಾತಾಗಿ, ಅಂದು ಮಧ್ಯಾಹ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿ ಕಟ್ಟಲು ನಾನೂ ಜೊತೆಗೆ ಹೋದೆ. ಅಲ್ಲಿಯವರೆಗೆ ಬುತ್ತಿ ಕೊಡಲು ಬಿಟ್ಟರೆ ಆ ಅಂಗಡಿಗೆ ನಾನು ಕಾಲಿಟ್ಟವಳಲ್ಲ. ನಟ್ಟು ತಿರುವುವ ಪಾನ, ಇಕ್ಕಳ, ಟೇಪಿನ ಸುರುಳಿ, ಒಂದೊಂದನ್ನೂ ಕೈಯಿಂದ ಸವರಿ ಗುರುತು ಹಿಡಿದು ಅವರು ನನಗೆ ಕೊಡುತ್ತಿದ್ದರು. ನಾನು ತುಂಬುತ್ತಿದ್ದೆ.

ಅರ್ಧ ಚೀಲ ತುಂಬಿತ್ತು. ಅಷ್ಟರಲ್ಲಿ ಒಂದು ಹಳೆಯ ಕಾರನ್ನು ದಬ್ಬಿಕೊಂಡು ಇಬ್ಬರು ಬಂದರು. ಹಿಂದಿನಿಂದ ದಬ್ಬುತ್ತಿದ್ದವನು ನಮ್ಮ ಪಂಕ್ಚರ್ ಅಂಗಡಿಯವನೇ. ಸ್ಟೀರಿಂಗ್ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದವನು ಕರ್ಜಗಿಯ ಬಾಡಿಗೆ ಗಾಡಿಯವನು, ಹಳೆಯ ಗಿರಾಕಿ.

"ಕಾಕಾ, ಇದರ ನಾಡಿ ಹಿಡದ ನೋಡ್ರಿ" ಎಂದ ಅವನು. "ಬ್ಯಾಟರಿ ಹೊಸಾದು ಹಾಕ್ಸೇನಿ. ಆದ್ರೂ ಮುಂಜಾನೆ ಎದ್ದರ ದಬ್ಬೂದ ನಮ್ಮ ಪೂಜಿ."

"ನಾ ಬಿಟ್ಟೇನಪಾ. ಇವತ್ತ ಬಾಗಿಲಾ ಹಾಕಾಕತ್ತೇನಿ. ಬ್ಯಾರೆ ಕಡೆ ಒಯ್ಯಿ."

"ಬ್ಯಾರೆ ಕಡೆ ಎಲ್ಲಾ ಆತ್ರಿ. ಒಬ್ಬರು ಬ್ಯಾಟರಿ ಬದಲ್ ಮಾಡಿದ್ರು, ಒಬ್ಬರು ಸ್ಟಾರ್ಟರ್ ಬಿಚ್ಚಿ ಕಟ್ಟಿದ್ರು. ಇದು ಹಂಗ ಐತಿ."

ಪಂಕ್ಚರ್ ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ, "ಕೀಲಿಕೈ ಇನ್ನೂ ಕೊಟ್ಟಿಲ್ಲ ಕಾಕಾ. ಸಂಜಿ ತನಕ ಅಂಗಡಿ ನಿಮ್ಮದ" ಎಂದ.

"ಅಂಗಡಿ ಐತೋ. ಕಣ್ಣ ಎಲ್ಲಿಂದ ತರಲಿ?"

ನನಗೆ ಹೇಗೆ ಧೈರ್ಯ ಬಂತೋ ಗೊತ್ತಿಲ್ಲ, "ಅಂಕಿ ನಾ ಓದತೇನ್ರಿ" ಎಂದೆ. ಏಳನೆಯ ಇಯತ್ತೆಯವರೆಗೆ ಊರ ಸಾಲೆಯಲ್ಲಿ ಕಲಿತಿದ್ದೆ.

"ಏನಂದಿ?"

ಎರಡನೆಯ ಸಲ ಹೇಳಲು ನನ್ನಿಂದ ಆಗಲಿಲ್ಲ. ಕರ್ಜಗಿಯವನೇ ಹೇಳಿದ: "ಕಾಕು ಅಂಕಿ ಓದತಾರಂತರಿ."

ನಿಮ್ಮಜ್ಜ ಚೀಲದೊಳಗೆ ಕೈಹಾಕಿ ಮೀಟರನ್ನು ತಾವೇ ಹೊರತೆಗೆದರು.

ಬ್ಯಾಟರಿಯ ಎರಡೂ ಕಂಬಗಳನ್ನು ಬೆರಳಿನಿಂದ ಸುತ್ತಿ ಅಳೆದರು. ದಪ್ಪಗಿರುವುದು ಪ್ಲಸ್. ಆದರೂ ನಂಬಲಿಲ್ಲ. "ನನ್ನ ಬಲಗೈಯಾಗ ಯಾವ ವೈರ್ ಐತಿ?" ಎಂದು ಕೇಳಿದರು. ಕೆಂಪು ಎಂದೆ. ಆಮೇಲಷ್ಟೇ ಮುಟ್ಟಿಸಿದರು.

"ಹನ್ನೆರಡು ಚುಕ್ಕಿ ಆರು" ಎಂದು ಓದಿದೆ. ರಸ್ತೆಯಲ್ಲಿ ಬಸ್ಸು, ಆಟೋ ಹೋಗುತ್ತಿದ್ದವು, ಎದುರಿನ ಚಹಾದಂಗಡಿಯ ಮಂದಿಯೆಲ್ಲ ಇತ್ತಲೇ ನೋಡುತ್ತಿದ್ದರು. ನನ್ನ ದನಿ ಸೆರಗಿನಾಚೆ ಹೋಗಲಿಲ್ಲ.

"ದೇವರ ಮುಂದ ಬೇಡಿಕೊಂಡಂಗ ಅನಬ್ಯಾಡ. ಬಸ್‌ಸ್ಟ್ಯಾಂಡಿನ್ಯಾಗ ಊರ ಹೆಸರ ಕೂಗತಾರಲ್ಲ, ಹಂಗ ಕೂಗು" ಎಂದರು.

"ಹಾವೇರಿ, ಹಾವೇರಿ ಅನ್ರಿ ಕಾಕು. ನಾಲ್ಕ ಮಂದಿ ಹತ್ತಿಬಿಡ್ಲಿ" ಎಂದ ಪಂಕ್ಚರ್ ಅಂಗಡಿಯವನು. ನನಗೂ ನಗು ಬಂತು. ನಗು ಬಂದ ಮೇಲೆ ದನಿಯೂ ಬಂತು.

ಬ್ಯಾಟರಿ ತುಂಬಿಯೇ ಇದೆ ಎಂದು ಗೊತ್ತಾಯಿತು. ಈಗ ಕರ್ಜಗಿಯವನಿಗೆ ಕೀಲಿ ತಿರುವಲು ಹೇಳಿದರು. ಒಳಗೆ ಕಟ್ ಕಟ್ ಎಂದಿತು ಅಷ್ಟೇ, ಇಂಜಿನ್ ಅಲುಗಲಿಲ್ಲ. ಆ ಹೊತ್ತಿನಲ್ಲಿ ಅಂಕಿ ಎಲ್ಲಿಗೆ ಇಳಿಯಿತು ಎಂದು ಕೇಳಿದರು.

"ಹನ್ನೆರಡರ ಕೆಳಗ ಇಳೀಲಿಲ್ರಿ."

ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು. "ಇಂಜಿನ್ ಎಬ್ಬಸಬೇಕಂದ್ರ ಬ್ಯಾಟರಿ ಬೆವರ ಸುರಸಬೇಕು. ಹತ್ತಕ್ಕರೆ ಇಳೀಬೇಕು. ಇದು ಆರಾಮ ಕುಂತೈತಿ ಅಂದ್ರ ಕೆಲಸ ಇದರ ತನಕ ಬಂದ ಇಲ್ಲ. ತಪ್ಪು ಬ್ಯಾಟರೀದಲ್ಲ, ದಾರೀದು."

ನಂತರ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಕೀಲಿ ಮತ್ತೆ ಮತ್ತೆ ತಿರುವಿಸುತ್ತ, ಇಂಜಿನ್ನಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸರಿಸುತ್ತ ಹೋದರು. ಮಲಗಿದ ಎಮ್ಮೆಯ ಮೈಯಲ್ಲಿ ನೋವು ಎಲ್ಲಿದೆ ಎಂದು ನನ್ನ ತವರಿನಲ್ಲಿ ಅಪ್ಪ ಹೀಗೇ ಹುಡುಕುತ್ತಿದ್ದ. ಒಂದು ಕಡೆ ಕೈ ನಿಂತಿತು.

"ಕ್ಲಚ್ಚಿನ ಕೇಬಲ್ ಬೆಚ್ಚಗ ಐತಿ."

"ಇಂಜಿನ್ ಬಿಸಿಗೆ ಇರಬೇಕ್ರಿ" ಎಂದ ಕರ್ಜಗಿಯವನು.

"ಇಂಜಿನ್ ಎಲ್ಲಿ ಹತ್ತೇತಿ ಬಿಸಿ ಆಗಾಕ? ಮುಂಜಾನಿಂದ ದಬ್ಬಾಕತ್ತೀಯಲ್ಲ." ಆಮೇಲೆ ನನ್ನ ಕಡೆಗೆ ತಿರುಗಿ, ನನಗೇ ಪಾಠ ಹೇಳುವವರಂತೆ ಹೇಳಿದರು: "ಕರೆಂಟ್ ಹೋದ ಮ್ಯಾಲ ತಿರುಗಿ ಬ್ಯಾಟರಿಗೆ ಬರಬೇಕು. ಬರೂ ರಸ್ತೆ ಬಂದ್ ಆದ್ರ, ಮಂದಿ ಹೊಲದ ಬದುವಿನ ಮ್ಯಾಲ ಹಾದ ಬರತಾರ ನೋಡು, ಹಂಗ ಈ ಕೇಬಲ್ಲಿನ್ಯಾಗ ನುಸುಳಾಕತ್ತೈತಿ. ಸಣ್ಣ ಬದುವು, ದೊಡ್ಡ ಗದ್ದಲ. ಅದಕ್ಕ ಬಿಸಿ."

ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಕಬ್ಬಿಣಕ್ಕೆ ಹಿಡಿದರು. ದಾರಿ ಸರಿ ಇದ್ದರೆ ಅಲ್ಲಿ ಸೊನ್ನೆಯ ಹತ್ತಿರ ಇರಬೇಕಂತೆ. ಕೀಲಿ ತಿರುವಿದಾಗ ನಾನು ಕೂಗಿದೆ: "ಆರು ಚುಕ್ಕಿ ಎಂಟು!" ಚಹಾದಂಗಡಿಯವರೆಗೂ ಕೇಳಿಸಿರಬೇಕು. ಮೈನಸ್ಸಿನಿಂದ ಗಾಡಿಯ ಬಾಡಿಯ ತಗಡಿಗೆ ಹಿಡಿದಾಗ ಸೊನ್ನೆಯೇ ಇತ್ತು. ಹಾಗಾದರೆ ದಾರಿ ಕಟ್ಟಾದದ್ದು ಇಂಜಿನ್ ಮತ್ತು ಬಾಡಿಯ ನಡುವೆ. ಅಲ್ಲಿ ತಾಮ್ರದ ತಂತಿ ಹೆಣೆದ ಒಂದು ಪಟ್ಟಿ ಇರುತ್ತದೆ. ಅದು ಹೇಗಿದೆ ನೋಡು ಎಂದರು. ಬಗ್ಗಿ ನೋಡಿದೆ.

"ಚಲೋ ಐತ್ರಿ. ಹರದಿಲ್ಲ, ಸಡಿಲಿಲ್ಲ. ಬೋಲ್ಟ್ ಹೊಸಾದರಂಗ ಐತಿ. ಸುತ್ತಲೂ ಕರ್ರಗ, ಭಾಳ ಛಂದ ಐತಿ."

"ಛಂದ ಐತಿ?" ಎಂದು ಅವರು ಉಗುರಿನಿಂದ ಬೋಲ್ಟಿನ ಬುಡ ಕೆರೆದರು.

ಕರ್ಜಗಿಯವನ ಮುಖ ಅರಳಿತು. "ಖಂಡೇನವಮಿ ಪೂಜಿಗೆ ನಾನ ಬಣ್ಣಾ ಹಚ್ಚಿದ್ದ್ರಿ ಕಾಕಾ. ಒಂದೊಂದ ಬಿಚ್ಚಿ, ತಿಕ್ಕಿ, ಹಚ್ಚೇನಿ. ಊರಾಗಿನ ಗಾಡಿ ಒಳಗ ನಮ್ಮದ ಛಂದ ಅಂದ್ರು ಎಲ್ಲಾರು."

"ಈ ಪಟ್ಟಿ ಬುಡಕ್ಕೂ ಹಚ್ಚೀದಿ?"

"ಹಚ್ಚಿ, ಒಣಗಿಸಿ, ಆಮ್ಯಾಲ ಬಿಗದೇನ್ರಿ."

"ಗಾಡಿಗೆ ಅಂಗಿ ತೊಡಸಾಕ ಹೋಗಿ ಮೂಗ ಸೈತ ಹೊಲದೀಯಲೋ" ಎಂದು ಪಂಕ್ಚರ್ ಅಂಗಡಿಯವನು ನಕ್ಕ.

"ಅಂವಗ ಅನಬ್ಯಾಡ. ಪ್ರೀತಿಲೆ ಮಾಡ್ಯಾನ" ಎಂದರು ನಿಮ್ಮಜ್ಜ. "ಬಣ್ಣದಾಗ ಕರೆಂಟ್ ದಾಟೂದಿಲ್ಲಪಾ, ಅಷ್ಟ. ಇಷ್ಟ ದಿನ ಬೋಲ್ಟಿನ ಆಸರಕ್ಕ ಏನರೆ ಸ್ವಲ್ಪ ದಾಟೈತಿ. ಒಳಗ ತುಕ್ಕ ಹಿಡದ ಮ್ಯಾಲ ಅದೂ ನಿಂತೈತಿ."

ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿಟ್ಟರು. ಪಟ್ಟಿ ತೆಗೆದು, ಅದು ಕೂಡುವ ಜಾಗವನ್ನು ಕಾನಸು ಎನ್ನುವ ಅರ, ಮರಳು ಕಾಗದ ಹಾಕಿ ತಿಕ್ಕಿದರು. ನಡುನಡುವೆ ಬೆರಳ ತುದಿಯಿಂದ ಮುಟ್ಟಿ, ನನ್ನನ್ನು ಕೇಳಿ, ಮತ್ತೆ ತಿಕ್ಕಿದರು. ಕಬ್ಬಿಣ ಬೆಳ್ಳಗೆ, ತಾಮ್ರ ಕೆಂಪಗೆ ಕಾಣುವವರೆಗೆ ಬಿಡಲಿಲ್ಲ. ಬಿಗಿದು, ಮೇಲೆ ಗ್ರೀಸ್ ಸವರಿ, ಮೈನಸ್ ಕೂಡಿಸಿ, ಕೀಲಿ ತಿರುವಲು ಹೇಳಿದರು.

ಇಂಜಿನ್ ಗಕ್ಕನೆ ಶುರುವಾಯಿತು. ಕರ್ಜಗಿಯವನು ಸೀಟಿನಲ್ಲೇ ಕೈಮುಗಿದ.

"ಎಷ್ಟ ಬಂತು?" ಎಂದರು ನನಗೆ.

"ಓದಾಕ ಆಗಲಿಲ್ರಿ. ಅದು ಲಗೂನ ಶುರು ಆತು."

"ಗಾಡಿ ಬಂದ್ ಮಾಡು" ಎಂದರು ಅವನಿಗೆ. "ಗಾಡಿ ಹತ್ತಿದ್ದಕ್ಕ ಖುಷಿ ಪಡೂದು ನಿನ್ನ ಕೆಲಸ. ಅಂಕಿ ನೋಡೂದು ನಮ್ಮದು."

ನಮ್ಮದು ಎಂದರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನಿಂತೆ. ಎರಡನೆಯ ಸಲ ಸೊನ್ನೆ ಚುಕ್ಕಿ ಒಂದು ಎಂದು ಸರಿಯಾಗಿ ಓದಿದೆ. ಇಂಜಿನ್ ನಡೆಯುತ್ತಿರುವಾಗ ಬ್ಯಾಟರಿಗೆ ಹಿಡಿದರೆ ಹದಿನಾಲ್ಕರ ಮೇಲೆ ಇತ್ತು. ಚಾರ್ಜೂ ಆಗುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಬಾನೆಟ್ ಮುಚ್ಚಲು ಬಿಟ್ಟರು. ಕಣ್ಣು ಹೋದ ಮನುಷ್ಯ ಅಂದಾಜನ್ನು ಅಷ್ಟು ದೂರ ಇಟ್ಟದ್ದನ್ನು ನೋಡಿ, ಇಷ್ಟು ವರ್ಷ ಬುತ್ತಿ ಕಟ್ಟಿದ್ದು ಯಾರಿಗೆ ಎಂದು ನನಗೆ ಅಂದು ತಿಳಿಯಿತು.

ಸಂಜೆ ನಿಮ್ಮಪ್ಪ ನಮ್ಮನ್ನು ಕರೆದೊಯ್ಯಲು ಬಂದ. ಅರ್ಧ ತುಂಬಿದ ಚೀಲವನ್ನೂ ನನ್ನ ಗ್ರೀಸಿನ ಕೈಗಳನ್ನೂ ನೋಡಿದ. ಪಂಕ್ಚರ್ ಅಂಗಡಿಯವನು ತನ್ನ ಜಾಗದಿಂದಲೇ, "ಕೀಲಿಕೈ ಕಾಕಾನ ಹಂತೇಲೆ ಇರ್ಲಿ ಬಿಡ್ರಿ. ನಂಗೇನೂ ಅವಸರಿಲ್ಲ" ಎಂದ.

"ನಾಳೆ ನಿಮ್ಮವ್ವಗ ಒಂದ ಕುರ್ಚಿ ತಂದ ಇಲ್ಲಿ ಇಡು" ಎಂದರು ನಿಮ್ಮಜ್ಜ.

ಅವನು ನನ್ನನ್ನು ನೋಡಿ, "ಅವ್ವಾ, ದಿನಾ ಬರತೀಯೇನು?" ಎಂದ. ನಾನು ಹೂಂ ಎಂದೆ. ನನಗೇ ಕೇಳುವಷ್ಟು ಜೋರಾಗಿ ಎಂದೆ.

"ಎಂಥಾ ಕುರ್ಚಿ ತರಲಿ?"

"ಕೈ ಇಲ್ಲದ್ದು ತಾ. ಗಾಡಿ ಒಳಗ ಬಗ್ಗಿ ನೋಡುಮುಂದ ಅಕಿಗೆ ಅಡ್ಡ ಬರಬಾರದು."