ಹುಳದ ಮನೆಯ ಬಟ್ಟೆ

ಹೆದರಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಎತ್ತಿದ ಕೈ. ನನ್ನ ಹೆದರಿಕೆ ಇನ್ನೊಬ್ಬರಿಗೆ ಮುಳುವಾಗಬಹುದೆಂದು ಮಾತ್ರ ಕೋಲಾರದ ಆ ಬಾಡಿಗೆ ರೂಮಿಗೆ ಬರುವವರೆಗೆ ಗೊತ್ತಿರಲಿಲ್ಲ.

ನಾನು ಶ್ರೀನಿವಾಸಪುರದವಳು, ಶಾಲೆಯಲ್ಲಿ ಟೀಚರು. ನನ್ನ ಜೊತೆ ರೂಮಿನಲ್ಲಿದ್ದವಳು ಮುಳಬಾಗಿಲು ಕಡೆಯ ಹಳ್ಳಿಯವಳು, ಬಟ್ಟೆ ಅಂಗಡಿಯಲ್ಲಿ ಕೆಲಸ. ಶನಿವಾರ ಊರಿಗೆ ಹೋಗಿ ಸೋಮವಾರ ಬರುತ್ತಿದ್ದಳು. ಅವರ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆಂದಷ್ಟೇ ಗೊತ್ತಿತ್ತು. ನಮ್ಮದು ಮಾವಿನ ತೋಪಿನ ಸಂಸಾರ, ಹುಳದ ಮಡಿ ನಮಗೇನು ಗೊತ್ತು! ಅವಳು ಸೊಳ್ಳೆಬತ್ತಿ ಹಚ್ಚಲು ಬಿಡುತ್ತಿರಲಿಲ್ಲ. ಹೊತ್ತುಹೊತ್ತಿಗೂ ಕೈ ತೊಳೆಯುತ್ತಿದ್ದಳು. ಬೀರುವಿನ ಮೇಲೆ ಬಾಯಿ ಬಿಗಿದ ಒಂದು ಚೀಲ ಇಟ್ಟಿದ್ದಳು.

"ಅದನ್ನ ಮಾತ್ರ ಮುಟ್ಬೇಡ ಕಣೇ" ಎಂದಿದ್ದಳು. ಯಾಕೆಂದು ಹೇಳಲಿಲ್ಲ, ಅವಳದು ಮಾತೇ ಕಡಿಮೆ.

ಒಂದು ಭಾನುವಾರ ಒಬ್ಬಳೇ ಮೊಬೈಲಿನಲ್ಲಿ ಸಿನಿಮಾ ನೋಡಿದೆ. ಒಂದೇ ರೂಮಿನಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ನಗುನಗುತ್ತಲೇ ಇನ್ನೊಬ್ಬಳ ಊಟಕ್ಕೆ ಏನೋ ಬೆರೆಸುತ್ತಾಳೆ. ಅದಾದ ಮೇಲೆ ಇವಳು ಮಾಡಿದ ಸಾರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅವಳು ಕೈ ತೊಳೆಯುವ ಸದ್ದಾದರೆ ನನ್ನ ತಟ್ಟೆಯನ್ನು ಇನ್ನೊಮ್ಮೆ ತೊಳೆದಿಡುತ್ತಿದ್ದೆ.

ಗುರುವಾರ ಅವಳು ಅಂಗಡಿಗೆ ಹೋದ ಮೇಲೆ ಚೀಲ ಬಿಚ್ಚಿದೆ. ಒಗೆದು ಮಡಚಿದ ಹಳೆಯ ಚೂಡಿದಾರ, ಪೊಟ್ಟಣದಲ್ಲಿ ಬಿಳಿ ಪುಡಿ. ಸಿನಿಮಾದಲ್ಲಿ ಬೆರೆಸಿದ್ದೂ ಇಂಥದ್ದೇ. ಅಷ್ಟರಲ್ಲಿ ಬಟ್ಟೆಯ ಮಡಿಕೆಯಿಂದ ಜಿರಲೆಯೊಂದು ನನ್ನ ಕೈಮೇಲೆ ಹರಿಯಿತು. ಅವಳಿಗೆ ಗೊತ್ತಾಗದಂತೆ ತಂದಿಟ್ಟುಕೊಂಡಿದ್ದ ಜಿರಲೆ ಸ್ಪ್ರೇ ತೆಗೆದು ಚೀಲಕ್ಕೇ ಹೊಡೆದೆ. ಆಮೇಲೆ ಬಟ್ಟೆಯನ್ನು ಫ್ಯಾನಿನ ಕೆಳಗೆ ಹರಡಿ, ವಾಸನೆ ಹೋದ ಮೇಲೆ ಇದ್ದ ಹಾಗೇ ಮಡಚಿಟ್ಟೆ. ಇಂಥದ್ದರಲ್ಲಿ ನಾನು ಬಲು ಜಾಣೆ.

ಶನಿವಾರ ಅವಳು ಆ ಚೀಲ ಹಿಡಿದು ಊರಿಗೆ ಹೋದಳು. ಸೋಮವಾರ ಬಂದವಳ ಮುಖ ಬಿಳಿಚಿಕೊಂಡಿತ್ತು.

"ಇನ್ನೊಂದ್ ವಾರಕ್ಕೆ ಗೂಡು ಕಟ್ತಿದ್ವು ಕಣೇ. ನಾನು ಸೊಪ್ಪು ಹಾಕಿದ್ ತಟ್ಟೆಗಳಲ್ಲೇ ಹುಳ ಎಲ್ಲಾ ಹಸಿರು ಕಕ್ಕಿ ಸತ್ತೋದ್ವು."

ಆಗ ಎಲ್ಲ ಹೇಳಿದಳು. ಹುಳದ ಮನೆಯೊಳಗೆ ಹೋಗಲೆಂದೇ ಆ ಬಟ್ಟೆ. ಪುಡಿ ಹುಳದ ಮೇಲೆ ಉದುರಿಸುವ ಸುಣ್ಣ. ಯಾವ ಔಷಧಿಯ ಸೋಂಕೂ ಹುಳಕ್ಕೆ ಆಗದು. ಹೇಳಿಬಿಡಬೇಕಿತ್ತು, ಹೇಳಲಿಲ್ಲ.

ಮುಂದಿನ ತಿಂಗಳು ನನ್ನನ್ನು ಊರಿಗೆ ಕರೆದೊಯ್ದಳು. ಹೊಸ ಹುಳ ಬಂದಿದ್ದವು. ಹುಳದ ಮನೆಯ ಬಾಗಿಲಲ್ಲಿ ಅವಳ ತಾಯಿ ಕೈ ಅಡ್ಡ ಇಟ್ಟು, "ನೀನು ಅಲ್ಲೇ ನಿಂತ್ಕೋ" ಎಂದರು. ಬುದ್ಧಿ ಬಂದಾಗಿನಿಂದ ಸೊಪ್ಪು ಹಾಕಿದ ಮಗಳು ಹೊಸ್ತಿಲಾಚೆಯೇ ನಿಂತಳು. ತಾಯಿ ನನ್ನ ಕಡೆ ತಿರುಗಿದರು.

"ನೀನಾದ್ರೂ ನಿಜ ಹೇಳಮ್ಮಾ. ಇವ್ಳು ರೂಮಲ್ಲಿ ಸೆಂಟು ಗಿಂಟು ಹೊಡ್ಕೋತಾಳಾ?"

ಅವಳು ನನ್ನನ್ನೇ ನೋಡಿದಳು. ಸದ್ಯ, ಸಾಕ್ಷಿಗೆ ಇವಳಿದ್ದಾಳಲ್ಲ ಎಂಬ ನೆಮ್ಮದಿ ಆ ಮುಖದಲ್ಲಿತ್ತು.

"ಗೊತ್ತಿಲ್ಲಮ್ಮಾ" ಎಂದೆ.

ಈಗಲೂ ಹಾಡಹಗಲಲ್ಲಿ, ಪಾಠ ಮಾಡುತ್ತಿರುವಾಗ, ಆ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಮಾತು ತಡವರಿಸುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು, "ಇಲ್ಲ ಅಂತ ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲೇ" ಎಂದಳು.

ಕೋಲಾರ ಬರುವವರೆಗೂ ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.