ಚಿಗವ್ವನ ಗುಳಿಗೆ

ನಮ್ಮೂರು ಸಂಶಿಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ಕೆಮಿಸ್ಟ್ರಿಯಲ್ಲಿ ಎರಡು ಸಲ ನಪಾಸಾಗಿ ಅಪ್ಪನ ಮುಂದೆ ತಲೆ ಕೆರೆದುಕೊಂಡು ನಿಂತ ನನ್ನನ್ನೂ ಬಿಡುತ್ತಿರಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ತೀರಿಹೋದ ಮೇಲೂ ನಮ್ಮ ಮನೆಯಲ್ಲೇ ಇದ್ದ ಅವನ ಹೆಂಡತಿ ಚಿಗವ್ವ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅಣ್ಣನ ಮದುವೆಯ ಅರಿಷಿಣದ ದಿನ ಅಂಗಳದ ತುಂಬ ಹೆಂಗಸರು. "ನಿಮ್ಮ ಚಿಗವ್ವನ್ನ ಮಾಡಿ ತೋರಸೋ" ಅಂದರು. ಮಾಡಿದೆ. ತಿಂಗಳಿಗೊಮ್ಮೆ ಸಂತೆಯಿಲ್ಲದ ದಿನ ಚೀಲ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತುವುದು, ಬರುವಾಗ ಒಳಗಿನ ಡಬ್ಬಿ ಸಪ್ಪಳ ಮಾಡದಂತೆ ಹೊಟ್ಟೆಗೆ ಅವಚಿಕೊಳ್ಳುವುದು, ದಿನಾ ಮಠದ ಗಂಟೆ ಬಾರಿಸಿದ ಕೂಡಲೇ ಗೋಡೆಗೆ ಮುಖ ಮಾಡಿ ಗುಳಿಗೆ ನುಂಗುವುದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೀಗರ ಕಡೆಯ ಒಬ್ಬಾಕೆ ಮಾತ್ರ ಪಕ್ಕದವಳ ಕಡೆ ಬಾಗಿದಳು. "ದಿನಾ ಅದ ಹೊತ್ತಿಗೆ? ತಿಂಗಳಾ ಹುಬ್ಬಳ್ಳಿಗೆ? ಅದು ಎಚ್‌ಐವಿ ಗುಳಿಗಿ ಬೇ."

ನನಗೇನೂ ಗೊತ್ತಿರಲಿಲ್ಲ, ಕಂಡದ್ದನ್ನಷ್ಟೇ ಮಾಡಿದ್ದೆ. ಅಗದಿ ಹುಬೇಹೂಬ, ಇದ್ದದ್ದು ಇದ್ದ ಹಾಗೇ ಮಾಡಿದ್ದೆ. ಮಾತು ಹಬ್ಬಿ, ಮರುದಿನ ಚಿಗವ್ವ ಬಡಿದ ರೊಟ್ಟಿ ಯಾರೂ ಮುಟ್ಟದೆ ಬುಟ್ಟಿಯಲ್ಲೇ ಉಳಿಯಿತು. ವಾರದೊಳಗೆ ಆಕೆ ಹುಬ್ಬಳ್ಳಿಯಲ್ಲಿ ಬಾಡಿಗೆ ಖೋಲಿ ಹಿಡಿದಳು.

ಈಗ ಅದೇ ಕೆಮಿಸ್ಟ್ರಿಯನ್ನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ; ನಗಬೇಡಿ. ಆ ವೈರಸ್ಸು ತನ್ನ ಡಿಎನ್‌ಎಯನ್ನು ನಮ್ಮ ಡಿಎನ್‌ಎಗೆ ಸೇರಿಸಿ ಹೊಲಿಯಲು ಇಂಟಿಗ್ರೇಸ್ ಎಂಬ ಕಿಣ್ವವನ್ನು ಬಳಸುತ್ತದೆ. ಚಿಗವ್ವನ ಗುಳಿಗೆಯಲ್ಲಿರುವ ಒಂದು ರಾಸಾಯನಿಕ ಆ ಕಿಣ್ವವನ್ನು ಕಚ್ಚಿ ಹಿಡಿದು ಹೊಲಿಗೆ ನಿಲ್ಲಿಸುತ್ತದೆ. ಆಗಲೇ ಬಿದ್ದ ಹೊಲಿಗೆಯನ್ನು ಅದು ಬಿಚ್ಚಲಾರದು. ಆದರೆ ದಿನಾ ನುಂಗಿದರೆ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ರೊಟ್ಟಿಯಿಂದಂತೂ ಅದು ಯಾವತ್ತೂ ಹರಡಿದ್ದಿಲ್ಲ. ಇದನ್ನೆಲ್ಲ ಮನೆಯಲ್ಲಿ ನನ್ನದೇ ದನಿಯಲ್ಲಿ ಹೇಳಿದೆ. ಆ ದನಿ ನನಗೇ ಹೊಸದು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕರಕೊಂಡ ಬಾ" ಎಂದಳು.

ಅಂಗಳದಲ್ಲೇ ನಿಂತು ಫೋನ್ ಮಾಡಿದೆ.

"ಚಿಗವ್ವಾ, ಅವ್ವ ಕರ್ಯಾಕತ್ತಾಳ. ಬರ್ತಿಯೇನ?"

"ಓಣ್ಯಾಗಿನ ಮಂದಿ?"

"ಅವರಿಗೂ ತಿಳಿಸಿ ಹೇಳ್ತೇನಿ."

"ಯಾರು, ನೀನ? ಭಾಳ ಛಲೋ ಆತು ಬಿಡು!" ಎಂದು ನಕ್ಕಳು. ಆಮೇಲೆ, "ನಿಮ್ಮವ್ವ ಎಮ್ಮಿನ್ನ ಹೆಂಗ ಕೂಗಿ ಕರೀತಾಳ, ಮಾಡು" ಎಂದಳು.

ಮಾಡಿದೆ. ಕೊಟ್ಟಿಗೆಯಲ್ಲಿ ಎಮ್ಮೆ ನಿಜವಾಗಿಯೂ ತಲೆ ಎತ್ತಿತು. ಫೋನಿನ ಆಚೆ ಹುಬ್ಬಳ್ಳಿಯ ಆಟೋಗಳ ಸದ್ದು.

"ಯಾವಾಗ ಬರ್ತಿ ಹೇಳು."

"ಇನ್ನೊಮ್ಮೆ ಮಾಡಪಾ" ಎಂದಳು ಚಿಗವ್ವ.