ಬಿಸಿಲೇರುವ ಮೊದಲೇ ಬಿಚ್ಚಿದ ಬುತ್ತಿ

ಅಮೆರಿಕದ ಕರ್ಕ್‌ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜ ಬೇಟೆಗಾರರು. ನಾನು ಮೊಟ್ಟೆಯನ್ನೂ ಮುಟ್ಟದ ಧಾರವಾಡದವನು. ಆದರೂ ನಾಲ್ಕು ಅಕ್ಟೋಬರ್‌ಗಳಲ್ಲಿ ಅವರ ಜೊತೆ ಬೆಟ್ಟಸಾಲು ದಾಟಿ ಪೂರ್ವದ ಕಾಡಿಗೆ ಹೋಗಿದ್ದೇನೆ. ಬಂದೂಕು ಅವರದು, ಡ್ರೈವಿಂಗ್ ನನ್ನದು. ‘ಕೊಲ್ಲೂದು ನೋಡಾಕ ಅಷ್ಟು ದೂರ ಹೋಗಬೇಕೇನ್ರಿ?’ ಎಂದು ಹೆಂಡತಿ ಮುಖ ಊದಿಸಿಕೊಂಡೇ ಬುತ್ತಿ ಕಟ್ಟುತ್ತಿದ್ದಳು.

ನಾನು ಹೋಗುತ್ತಿದ್ದದ್ದು ಅಜ್ಜನ ಮಾತಿನ ರುಚಿಗೆ. ಹಿಮ ಬೀಳುವ ತನಕ ಗಂಡು ಜಿಂಕೆ ಮೇಲಿನ ಹುಲ್ಲುಗಾವಲು ಬಿಟ್ಟು ಬರುವುದಿಲ್ಲ, ಹಿಮ ಬಿದ್ದರೆ ಹಿಂಡೇ ಕಣಿವೆಗೆ ಇಳಿಯುತ್ತದೆ ಎನ್ನುತ್ತಿದ್ದರು. ಬೆದೆಯ ನವೆಂಬರ್‌ನಲ್ಲಿ ಗಂಡಿಗೆ ಮೈಮೇಲೆ ಎಚ್ಚರ ಇರುವುದಿಲ್ಲ, ಆದರೆ ಅಷ್ಟರಲ್ಲಿ ನಮ್ಮ ಬೇಟೆಯ ಸೀಸನ್ ಮುಗಿದಿರುತ್ತದೆ ಎಂದು ನಗುತ್ತಿದ್ದರು. ‘ನೀನೂ ಜಿಂಕೆಯೂ ಒಂದೇ, ಇಬ್ಬರೂ ಸೊಪ್ಪು ತಿನ್ನೋರು’ ಎಂದು ನನ್ನನ್ನು ಕೆಣಕುತ್ತಿದ್ದರು.

ಹಿಮ ತಡವಾಗಿ ಬಿದ್ದ ಮೂರು ವರ್ಷ ಬರಿಗೈಯಲ್ಲೇ ಮರಳಿದೆವು. ನಾಲ್ಕನೆಯ ವರ್ಷ ಅಜ್ಜ, ‘ಮಂಡಿ ಕೇಳೋದಿಲ್ಲ. ಈ ಸಲ ಒಂದು ಸಿಕ್ಕರೆ ಸಾಕು, ಬಂದೂಕು ಮಾರಿಬಿಡ್ತೀನಿ’ ಎಂದರು.

ಆ ವರ್ಷ ಹಿಮ ಬೇಗ ಬಿತ್ತು. ಮಬ್ಬು ಬೆಳಕಿನಲ್ಲಿ ಇಳಿಜಾರಿನ ಮೇಲೆ ಕುಳಿತೆವು. ಅವರು ಕಲಿಸಿದ ನಿಯಮ ಒಂದೇ: ಬಿಸಿಲೇರುವ ತನಕ ತಣ್ಣನೆಯ ಗಾಳಿ ಕೆಳಕ್ಕೆ ಹರಿಯುತ್ತದೆ, ವಾಸನೆಯನ್ನೂ ಒಯ್ಯುತ್ತದೆ. ಅದಕ್ಕೇ ಅವರು ಬಟ್ಟೆಯನ್ನೂ ವಾಸನೆಯಿಲ್ಲದ ಸೋಪಿನಲ್ಲಿ ಒಗೆಯುತ್ತಿದ್ದರು. ಕೆಳಗೆ ಪೊದೆಯಿಂದ ಕವಲುಗೊಂಬಿನ ಜಿಂಕೆ ಹೊರಬಂತು. ಅಜ್ಜ ಬಂದೂಕು ಎತ್ತಿದರು. ನಾನು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಬೆಳ್ಳುಳ್ಳಿ ಚಟ್ನಿ. ಜಿಂಕೆ ತಲೆಯೆತ್ತಿ ಮೂಗು ಅರಳಿಸಿತು, ಒಂದೇ ನೆಗೆತಕ್ಕೆ ಮಾಯವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಜ್ಜ ಬೈಯಲಿಲ್ಲ. ಒಂದು ರೊಟ್ಟಿ ಇಸಿದುಕೊಂಡು ತಿಂದರು. ವಾಪಸು ಬರುವಾಗ ಕಾರಿನಲ್ಲಿ ಕೇಳಿದರು: ‘ನಿಜ ಹೇಳು, ಹಸಿವಾಗಿತ್ತೋ, ಪಾಪ ಅನಿಸಿತೋ?’

‘ಪಾಪ ಅನಿಸಿತು’ ಎಂದೆ. ಅವರು ನಂಬಿದರು, ಬೆನ್ನು ತಟ್ಟಿದರು. ‘ಹಾಗಾದರೆ ಬಂದೂಕು ಇನ್ನೊಂದು ವರ್ಷ ಇರಲಿ’ ಎಂದರು.

ಜನವರಿಯಲ್ಲಿ ಅಜ್ಜ ತೀರಿಕೊಂಡರು.

ಈಗ ಮತ್ತೆ ಅಕ್ಟೋಬರ್. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಬೆಟ್ಟದಲ್ಲಿ ಹಿಮ ಬಿದ್ದಿದೆಯಂತೆ, ಜಿಂಕೆಗಳು ಇಳಿಯುತ್ತಿರಬಹುದು. ಆ ದಾರಿ, ಆ ಚಳಿ, ಆ ಮುದುಕನ ಪಿಸುಮಾತು ಇನ್ನೊಮ್ಮೆ ಬೇಕು ಅನಿಸುತ್ತದೆ. ಅಂದು ನನಗೆ ಹಸಿವಾಗಿರಲಿಲ್ಲ. ಜಿಂಕೆಯ ಮೇಲೆ ಕನಿಕರವೂ ಇರಲಿಲ್ಲ. ಅದು ಸಿಕ್ಕರೆ ಅಜ್ಜ ಇನ್ನು ಬರುವುದಿಲ್ಲ ಎಂಬ ಭಯಕ್ಕೆ ಅವರ ಕೊನೆಯ ಬೇಟೆಯನ್ನು ನಾನೇ ಓಡಿಸಿದೆ.